ತಲೆ ಮುರಿದು ಅಂಟಿಸಿದ ಗಿಟಾರ್: ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು?

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋರಿಗೆ ಮುಂದೆ ಜಾಗ ಇದೆ, ಬನ್ನಿ.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪ್ರಶ್ನೆ ನನ್ನದಲ್ಲ, ನಿಮ್ಮಲ್ಲೇ ಒಬ್ಬ ತಮ್ಮ ಕೇಳಿದ್ದು. ಅವನ ಅನುಮತಿ ತಗೊಂಡೇ ಹೇಳ್ತಾ ಇದ್ದೀನಿ, ಹೆಸರು ಮಾತ್ರ ಹೇಳಲ್ಲ. ಅವನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ, ಲೆಸ್ ಪಾಲ್ ಮಾದರಿಯದು. ಎರಡು ವರ್ಷದ ಹಿಂದೆ ಸ್ಟ್ಯಾಂಡ್‌ನಿಂದ ಬಿದ್ದು ತಲೆ ಮುರೀತು. ಒಳ್ಳೆ ಕೆಲಸಗಾರ ಸಿಕ್ಕಿದ, ಅಂಟಿಸಿ, ಉಜ್ಜಿ, ಮೇಲೆ ಬಣ್ಣ ಹೊಡೆದು ಕೊಟ್ಟ. ಈಗ ಎಲ್ಲಿ ಮುರಿದಿತ್ತು ಅಂತ ಹುಡುಕಿದರೂ ಕಾಣಲ್ಲ. ಅವತ್ತಿಂದ ಇವತ್ತಿನವರೆಗೂ ಟ್ಯೂನಿಂಗ್ ಅಲ್ಲಾಡಿಲ್ಲ. ಈಗ ಅದನ್ನ ಮಾರಬೇಕು, ತಂಗಿಯ ಕಾಲೇಜ್ ಫೀಸ್ ಕಟ್ಟಬೇಕು. ಅವನು ಕೇಳಿದ್ದು ಇಷ್ಟು: "ಪಾಸ್ಟರ್, ಕೊಳ್ಳೋನು ಕೇಳಿದ್ರೆ ಖಂಡಿತ ಹೇಳ್ತೀನಿ. ಕೇಳದೇ ಇದ್ರೆ ನಾನಾಗೇ ಯಾಕೆ ಹೇಳಬೇಕು? ಮುರಿದಿರೋದನ್ನ ಮಾರ್ತಾ ಇಲ್ಲ, ಸರಿಯಾಗಿರೋದನ್ನ ಮಾರ್ತಾ ಇದ್ದೀನಿ."

ಇದಕ್ಕೆ ಸಂಡೇ ಸ್ಕೂಲ್ ಉತ್ತರ ನಿಮಗೆಲ್ಲ ಗೊತ್ತು, ಸುಳ್ಳು ಹೇಳಬಾರದು ಅಂತ. ಆದರೆ ಅವನು ಸುಳ್ಳು ಹೇಳ್ತೀನಿ ಅಂದಿಲ್ಲವಲ್ಲ. ಸುಮ್ಮನಿರ್ತೀನಿ ಅಂದಿದ್ದಾನೆ. ಅವನ ವಾದದಲ್ಲಿ ತೂಕ ಇದೆ. ಅದನ್ನ ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಟ್ಟರೆ ಅವನಿಗೆ ಅನ್ಯಾಯ ಆಗುತ್ತೆ.

ಗಿಟಾರ್ ಮುಟ್ಟದೇ ಇರೋರಿಗೋಸ್ಕರ ಸ್ವಲ್ಪ ವಿವರಿಸ್ತೀನಿ, ವರ್ಷಿಪ್ ಟೀಮ್‌ನವರು ಸಹಿಸಿಕೊಳ್ಳಿ. ತಂತಿ ಬಿಗಿ ಮಾಡುವ ಬಿರಡೆಗಳಿರುವ ತುದಿಗೆ ಹೆಡ್‌ಸ್ಟಾಕ್ ಅಂತಾರೆ, ನಾವು ತಲೆ ಅನ್ನೋಣ. ಗಿಬ್ಸನ್ ಮಾದರಿಯ ಗಿಟಾರ್‌ಗಳಲ್ಲಿ ಈ ತಲೆ ಕುತ್ತಿಗೆಯ ನೇರಕ್ಕೆ ಇರಲ್ಲ, ಹಿಂದಕ್ಕೆ ಬಾಗಿರುತ್ತೆ, ಹೆಚ್ಚಾಗಿ 17 ಡಿಗ್ರಿ. ಕುತ್ತಿಗೆ ಮತ್ತು ತಲೆ ಎರಡನ್ನೂ ಒಂದೇ ಮಹಾಗನಿ ತುಂಡಿನಿಂದ ಕೊಯ್ದಿರುತ್ತಾರೆ. ಹಾಗಾಗಿ ಮರದ ಎಳೆಗಳು ಕುತ್ತಿಗೆಯುದ್ದಕ್ಕೂ ನೇರವಾಗಿ ಬಂದು, ಬಾಗುವ ಜಾಗದಲ್ಲಿ ಓರೆಯಾಗಿ ತುಂಡಾಗಿಬಿಡುತ್ತವೆ. ಅದೂ ಸಾಲದು ಅಂತ, ಸರಿಯಾಗಿ ಅಲ್ಲೇ, ಕುತ್ತಿಗೆಯೊಳಗಿನ ಟ್ರಸ್ ರಾಡ್ ತಿರುಗಿಸೋದಕ್ಕೆ ಒಂದು ಗುಳಿ ಕೊರೆದಿರುತ್ತಾರೆ. ಇಡೀ ಗಿಟಾರ್‌ನಲ್ಲಿ ಅತಿ ಬಲಹೀನವಾದ ಜಾಗ ಅದು. ಅದರ ಮೇಲೆ ಆರು ತಂತಿಗಳ ಎಳೆತ ಸುಮಾರು 45 ಕೆಜಿ. ಅಕೌಸ್ಟಿಕ್ ಗಿಟಾರ್‌ನಲ್ಲಿ ಈ ಎಳೆತ 70 ಕೆಜಿ ದಾಟುತ್ತೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಆ ತಂತಿಗಳಿಗೆ ಜೋತುಬಿದ್ದಿರೋ ಹಾಗೆ ಅಂದುಕೊಳ್ಳಿ. ಫೆಂಡರ್ ಮಾದರಿಯಲ್ಲಿ ತಲೆ ಹಿಂದಕ್ಕೆ ಬಾಗಿರಲ್ಲ. ಅದಕ್ಕೇ ಅದು ಬಿದ್ದರೂ ಬಹುತೇಕ ಉಳಿಯುತ್ತೆ. ಇದು ಬಿದ್ದರೆ ಮುರಿಯುತ್ತೆ.

ಈಗ ರಿಪೇರಿ ವಿಷಯಕ್ಕೆ ಬರೋಣ. ಮುರಿದ ಕೂಡಲೇ, ಎಳೆಗಳಿಗೆ ಧೂಳು ಎಣ್ಣೆ ತಾಗದೆ ಇರುವಾಗಲೇ, ಮರದ ಅಂಟನ್ನ ಸೀಳಿನ ಒಳಗಿನವರೆಗೂ ಇಳಿಸಿ, ಎರಡೂ ಭಾಗ ಕೂಡಿಸಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಟ್ಟರೆ ಆ ಜೋಡಣೆ ಪಕ್ಕದ ಮರಕ್ಕಿಂತ ಗಟ್ಟಿಯಾಗಬಹುದು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಒಳ್ಳೆಯ ಅಂಟು ಎಳೆಯ ಉದ್ದಕ್ಕೂ ಚೆನ್ನಾಗಿ ಹಿಡಿದಾಗ, ಮತ್ತೆ ಬಲ ಬಿದ್ದರೆ ಅಂಟು ಬಿಡೋ ಮೊದಲು ಪಕ್ಕದ ಮರ ಸೀಳುತ್ತೆ. ಇನ್ನೂ ಭದ್ರ ಬೇಕು ಅಂದರೆ ಹಿಂದೆ ಎರಡು ಕಾಲುವೆ ಕೊರೆದು ಹೊಸ ಮರದ ಪಟ್ಟಿಗಳನ್ನ ಕೂರಿಸ್ತಾರೆ. ಹಾಗಾಗಿ ನಮ್ಮ ತಮ್ಮ "ಸರಿಯಾಗಿದೆ" ಅಂದಿದ್ದು ನಿಜ. ನುಡಿಸೋನ ಕೈಗೂ ಕಿವಿಗೂ ಏನೂ ವ್ಯತ್ಯಾಸ ಗೊತ್ತಾಗಲ್ಲ.

ವ್ಯತ್ಯಾಸ ಗೊತ್ತಾಗೋದು ಬೆಲೆಯಲ್ಲಿ. ಹಳೆಯ ಬೆಲೆಬಾಳುವ ಗಿಬ್ಸನ್‌ಗಳಲ್ಲಿ ತಲೆ ಮುರಿದು ಅಂಟಿಸಿದ್ದರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ ಅನ್ನೋದು ಆ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಅದಕ್ಕೇ ಮುಚ್ಚಿಡುವ ಆಸೆ. ಮುಚ್ಚಿಟ್ಟಿದ್ದನ್ನ ಹುಡುಕೋರೂ ಇದ್ದಾರೆ. ಹಳೇ ಗಿಟಾರ್ ಕೊಳ್ಳುವವರು ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದು ನೋಡ್ತಾರೆ. ವರ್ಷಗಟ್ಟಲೆ ಹಳೆಯದಾದ ಲ್ಯಾಕರ್ ಒಂದು ಥರ ಹೊಳೆಯುತ್ತೆ, ಮೇಲೆ ಹೊಸದಾಗಿ ಹೊಡೆದದ್ದು ಬೇರೆ ಥರ ಕಾಣುತ್ತೆ. ಹಗಲು ಬೆಳಕಿನಲ್ಲಿ ಒಂದೇ ಬಣ್ಣ, ಆ ಬೆಳಕಿನಲ್ಲಿ ಎರಡು. ಮರೆಯಾದದ್ದು ಬೆಳಕಿಗೆ ಬರುತ್ತೆ ಅಂತ ನಾವು ಎಷ್ಟು ಸಲ ಪ್ರಸಂಗ ಮಾಡಿದ್ದೀವಿ! ಆದರೆ ಸಿಕ್ಕಿಬೀಳ್ತೀಯಾ ಅನ್ನೋ ಭಯದಿಂದ ಸತ್ಯ ಹೇಳಿಸೋದು ನನಗಿಷ್ಟವಿಲ್ಲ. ಯಾಕಂದ್ರೆ ನಮ್ಮ ತಮ್ಮನ ಗಿಟಾರ್ ಅಷ್ಟು ಬೆಲೆಬಾಳೋದಲ್ಲ, ಯಾರೂ ಅದಕ್ಕೆ ದೀಪ ಹಿಡಿಯಲ್ಲ. ಅವನು ಸಿಕ್ಕಿಬೀಳಲ್ಲ. ಸಿಕ್ಕಿಬೀಳದೇ ಇರೋನಿಗೆ ಏನು ಹೇಳ್ತೀರಿ?

ನನ್ನ ಉತ್ತರ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ಈ ಮಾತನ್ನ ನಾವು ಕೊಳ್ಳೋನು, ಮಾರೋನು ಅಂತ ಇಬ್ಬರ ಮಧ್ಯದ ಲೆಕ್ಕ ಅಂದುಕೊಂಡಿದ್ದೀವಿ. ಇಲ್ಲಿ ಮೂರನೆಯವನೊಬ್ಬ ಇದ್ದಾನೆ, ಮುಂದೆ ಆ ಗಿಟಾರ್ ರಿಪೇರಿ ಮಾಡೋನು. ಯಾಕಂದ್ರೆ ಇದು ಕೊನೇ ರಿಪೇರಿ ಅಲ್ಲ. ಮತ್ತೆ ಬಿದ್ದು ಅದೇ ಜಾಗದಲ್ಲಿ ಬಿಟ್ಟರೆ, ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯಲ್ಲ, ಮೊದಲು ಹಳೆಯದನ್ನೆಲ್ಲ ತೆಗೆಯಬೇಕು. ಯಾವ ಅಂಟು ಹಾಕಿದ್ದಾರೆ ಅಂತ ಗೊತ್ತಿದ್ದರೆ ಒಂದು ದಾರಿ, ಗೊತ್ತಿಲ್ಲದಿದ್ದರೆ ಇನ್ನೊಂದು. ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಆಗಿದ್ದರೆ ಅದು ಬೇರೆಯೇ ತಲೆನೋವು. ಅಷ್ಟು ದೂರ ಯಾಕೆ, ಕೊಂಡುಕೊಂಡ ಹುಡುಗನಿಗೆ ವಿಷಯ ಗೊತ್ತಿದ್ದರೆ ಅವನು ಅದನ್ನ ಆಂಪ್ಲಿಫೈಯರ್‌ಗೆ ಒರಗಿಸಿಟ್ಟು ಟೀ ಕುಡಿಯೋಕೆ ಹೋಗಲ್ಲ. ಗಟ್ಟಿ ಕೇಸ್ ತಗೋತಾನೆ. ಬಸ್ಸಿನ ಡಿಕ್ಕಿಯಲ್ಲಿ ಹಾಕಲ್ಲ. ಗೊತ್ತಿಲ್ಲದಿದ್ದರೆ, ತಾನು ಕಾಣದ ಒಂದು ಹೊಣೆಯನ್ನ ಹೊತ್ತುಕೊಂಡು ಓಡಾಡ್ತಾನೆ. ಸುಮ್ಮನಿರೋದು ಸುಳ್ಳಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಇನ್ನೊಬ್ಬನ ಹೆಗಲ ಮೇಲೆ ಅವನಿಗೆ ಕಾಣದ ಹೊರೆ ಇಟ್ಟ ಹಾಗಾಯಿತು.

ಒಳ್ಳೆ ಕೆಲಸಗಾರರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ವಯೊಲಿನ್ ಮಾಡೋರು ಇವತ್ತಿಗೂ ಚರ್ಮ ಕುದಿಸಿ ಮಾಡುವ ಹಳೇ ಅಂಟನ್ನೇ ಬಳಸ್ತಾರೆ. ಯಾಕೆ? ಸ್ವಲ್ಪ ಬಿಸಿ, ಸ್ವಲ್ಪ ತೇವ ಕೊಟ್ಟರೆ ಅದು ಬಿಡುತ್ತೆ. ಗಟ್ಟಿಯಾಗಿ ಹಿಡಿಯಬೇಕು, ಆದರೆ ಬೇಕಾದಾಗ ಬಿಡಲೂಬೇಕು. ಅಮೆರಿಕದ ಮಾರ್ಟಿನ್ ಕಂಪನಿಯ ಹಳೇ ಅಕೌಸ್ಟಿಕ್ ಗಿಟಾರ್‌ಗಳಲ್ಲಿ ಕುತ್ತಿಗೆಯನ್ನ ದೇಹಕ್ಕೆ ಸೇರಿಸಿದ್ದೂ ಅಂಥದ್ದೇ ಅಂಟಿನಿಂದ. ತಂತಿಗಳ ಎಳೆತಕ್ಕೆ ದಶಕಗಳು ಕಳೆದ ಮೇಲೆ ಕುತ್ತಿಗೆಯ ಕೋನ ಬದಲಾಗುತ್ತೆ, ಆಗ ಆವಿ ಬಿಟ್ಟು ಕಳಚಿ, ಸರಿಮಾಡಿ ಮತ್ತೆ ಕೂರಿಸ್ತಾರೆ. ನಮ್ಮ ಕಡೆ ವೀಣೆ ನೋಡಿ. ಅದರ ಮೆಟ್ಟಿಲುಗಳನ್ನ ಮೊಳೆ ಹೊಡೆದು ಕೂರಿಸಿರಲ್ಲ, ಮೇಣದಲ್ಲಿ ಕೂರಿಸಿರ್ತಾರೆ. ಸವೆದು ಸ್ವರ ಜಾರಿದಾಗ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಮಾಡಿದವನಿಗೆ ಮೊದಲೇ ಗೊತ್ತಿತ್ತು, ನನ್ನ ಆಮೇಲೂ ಒಬ್ಬ ಇದನ್ನ ಮುಟ್ಟುತ್ತಾನೆ ಅಂತ.

ಇನ್ನೊಂದು ಪದ್ಧತಿ ನನಗೆ ತುಂಬಾ ಇಷ್ಟ. ಕೆಲವು ಗಿಟಾರ್ ರಿಪೇರಿಯವರು ಕೆಲಸ ಮುಗಿದ ಮೇಲೆ ಒಳಗಡೆ, ಕನ್ನಡಿ ಇಟ್ಟು ನೋಡಿದರೆ ಮಾತ್ರ ಕಾಣುವ ಜಾಗದಲ್ಲಿ, ಪೆನ್ಸಿಲ್‌ನಲ್ಲಿ ತಾರೀಖು, ಹೆಸರು, ಏನು ಮಾಡಿದೆ ಅಂತ ಬರೆದಿಡ್ತಾರೆ. ಪಿಕಪ್ ಬದಲಾಯಿಸೋರು ಹಳೇ ಪಿಕಪ್ ಎಸೆಯದೆ ಒಂದು ಕವರ್‌ನಲ್ಲಿಟ್ಟು, ಮಾರುವಾಗ ಗಿಟಾರ್ ಜೊತೆಗೇ ಕೊಡ್ತಾರೆ. ಎಸ್‌ಪಿ ರೋಡ್‌ನಲ್ಲಿ ಕೆಪಾಸಿಟರ್ ತಂದು ಮನೇಲೇ ಸೋಲ್ಡರ್ ಮಾಡೋ ನಮ್ಮ ಹುಡುಗರೇ, ನೀವೂ ಇದನ್ನ ಕಲೀರಿ. ಯಾವ ವೈರ್ ಎಲ್ಲಿಂದ ಕಿತ್ತು ಎಲ್ಲಿ ಹಾಕಿದ್ದೀರಿ ಅಂತ ಒಂದು ಚೀಟಿ ಒಳಗಿಡಿ. ಆಮೇಲೆ ಆರಾಧನೆ ಮಧ್ಯ ಗುಂಯ್ ಅಂತ ಸದ್ದು ಬಂದಾಗ ಸೌಂಡ್ ಬ್ರದರ್ ಎಲ್ಲಿಂದ ಹುಡುಕಬೇಕು ಹೇಳಿ! (ನಗು)

ನಾವು ಪ್ರಸಂಗಿಗಳಿಗೆ ಒಂದು ಅಭ್ಯಾಸ. ರಿಪೇರಿ ಅಂದ ತಕ್ಷಣ ಯೆರೆಮೀಯ 18ಕ್ಕೆ ಹೋಗ್ತೀವಿ, ಕುಂಬಾರನ ಮನೆಗೆ. ಅವನ ಕೈಯಲ್ಲಿ ಪಾತ್ರೆ ಕೆಟ್ಟಿತು, ಮತ್ತೆ ಹೊಸದು ಮಾಡಿದ. ಒಳ್ಳೆ ಅಧ್ಯಾಯ, ನಾನೂ ಅದರ ಮೇಲೆ ಬಹಳ ಸಲ ಮಾತಾಡಿದ್ದೀನಿ. ಆದರೆ ಗಮನಿಸಿ, ಅದು ಹಸಿ ಮಣ್ಣು. ಮತ್ತೆ ಮುದ್ದೆ ಮಾಡಿದರೆ ಮೊದಲಿನ ಪಾತ್ರೆಯ ಒಂದು ಗೆರೆಯೂ ಉಳಿಯಲ್ಲ. ಮರ ಹಾಗಲ್ಲ. ಮುರಿದ ಮರವನ್ನ ಮುದ್ದೆ ಮಾಡೋಕಾಗಲ್ಲ, ಎಳೆಗೆ ಎಳೆ ಕೂಡಿಸಿ ಅಂಟಿಸಬೇಕು, ಗೆರೆ ಅಲ್ಲೇ ಇರುತ್ತೆ. ನಮ್ಮಲ್ಲಿ ಬಹಳ ಜನ 20 ವರ್ಷಕ್ಕೇ ಹಸಿ ಮಣ್ಣಲ್ಲ, ಒಣಗಿದ ಮರ.

ಹಾಗಾದ್ರೆ ಗೆರೆ ಇರುವ ದೇಹ ಸತ್ಯವೇದದಲ್ಲಿ ಎಲ್ಲಿದೆ? ಯೋಹಾನ 20ಕ್ಕೆ ಬನ್ನಿ. ಎದ್ದು ಬಂದ ಕರ್ತನ ಕೈಗಳಲ್ಲಿ ಮೊಳೆಗಳ ಗುರುತು ಹಾಗೇ ಇದೆ, ಪಕ್ಕೆಯಲ್ಲಿ ಗಾಯ ಇದೆ. ಮರಣವನ್ನೇ ಗೆದ್ದವನಿಗೆ ಅದನ್ನ ಅಳಿಸೋದು ಕಷ್ಟವಾಗಿತ್ತಾ? ಅಳಿಸಲಿಲ್ಲ. ತೋಮನಿಗೆ ತೋರಿಸಿದ, ಮುಟ್ಟು ಅಂದ. ಹಲ್ಲೆಲೂಯಾ. ಈಗ ಇದರ ಇನ್ನೊಂದು ಬದಿ ನೋಡಿ. ಅಪೊಸ್ತಲರ ಕೃತ್ಯಗಳು 10ರಲ್ಲಿ ಪೇತ್ರನೇ ವಿವರಿಸ್ತಾನೆ, ಕರ್ತನು ಎಲ್ಲ ಜನರಿಗೂ ಕಾಣಿಸಿಕೊಳ್ಳಲಿಲ್ಲ, ಮೊದಲೇ ಆರಿಸಿಕೊಂಡಿದ್ದ ಸಾಕ್ಷಿಗಳಿಗೆ ಕಾಣಿಸಿಕೊಂಡ ಅಂತ. ಪಿಲಾತನ ಅಂಗಳಕ್ಕೆ ಹೋಗಿ ಕೈ ಎತ್ತಿ ತೋರಿಸಲಿಲ್ಲ. ಬೀಗ ಹಾಕಿದ ಕೋಣೆಯೊಳಗೆ, ಇನ್ನು ಮುಂದೆ ಆತನ ಕೆಲಸವನ್ನ ಹೊರಬೇಕಾದವರಿಗೆ ತೋರಿಸಿದ.

ನಾನು ಹಿಡಿಯೋ ಅಳತೆ ಇದೇ. ಯಾರ ಕೈ ಮುಂದೆ ಇದನ್ನ ಹೊರುತ್ತೋ ಅವರಿಗೆ ಗೊತ್ತಿರಬೇಕು. ದಾರೀಲಿ ಹೋಗೋ ಎಲ್ಲರಿಗೂ ಅಲ್ಲ. ಗಿಟಾರ್ ನುಡಿಸುವಾಗ ಕೇಳೋಕೆ ಬಂದವರಿಗೆಲ್ಲ "ಇದು ಮುರಿದಿತ್ತು" ಅಂತ ಬೋರ್ಡ್ ಹಾಕಬೇಕಿಲ್ಲ. ಹಣ ಕೊಟ್ಟು ಮನೆಗೆ ತಗೊಂಡು ಹೋಗೋನಿಗೆ, ಅವನು ಕೇಳಲಿ ಬಿಡಲಿ, ಹಣ ಕೈಗೆ ಬರೋ ಮೊದಲು ಹೇಳಬೇಕು.

ಈಗ ನಿಮ್ಮಲ್ಲಿ ಕೆಲವರು ಮುಖ ಕೆಳಗೆ ಹಾಕ್ತಾ ಇದ್ದೀರಿ. ನಾನು ಎಲ್ಲಿಗೆ ಹೋಗ್ತೀನಿ ಅಂತ ಗೊತ್ತಾಗಿದೆ ಅನ್ಸುತ್ತೆ. ಹೌದು, ಮದುವೆ ಮಾತುಕತೆ. ನಿಮ್ಮಲ್ಲಿ ಎಷ್ಟೋ ಜನರ ಪ್ರಶ್ನೆ ಗಿಟಾರ್‌ದಲ್ಲ ಅಂತ ನನಗೆ ಗೊತ್ತು. ಎರಡು ವರ್ಷ ಡಿಪ್ರೆಷನ್‌ಗೆ ಮಾತ್ರೆ ತಗೊಂಡಿದ್ದೆ, ಈಗ ಚೆನ್ನಾಗಿದ್ದೀನಿ. ಒಂದು ಸಲ ನಿಶ್ಚಿತಾರ್ಥ ಆಗಿ ಮುರಿದುಹೋಯ್ತು. ಕುಡಿತ ಇತ್ತು, ಬಿಟ್ಟು ಮೂರು ವರ್ಷ ಆಯ್ತು. ಅಪ್ಪನ ಸಾಲ ನನ್ನ ಹೆಸರಲ್ಲಿದೆ, ಇಎಂಐ ಹೋಗ್ತಾ ಇದೆ. ಮನೆಯವರು ಹೇಳೋದು ಏನು? "ಸರಿಹೋಗಿದೆಯಲ್ಲ ಮಗಾ, ಈಗ ಯಾಕೆ ಎತ್ತಬೇಕು? ಕೇಳಿದ್ರೆ ನೋಡೋಣ." ಆ ತಾಯಿ ತಂದೆ ಕೆಟ್ಟವರಲ್ಲ. ಅವರು ಬೆಲೆ ಅರ್ಧ ಆಗೋದನ್ನ ಕಣ್ಣಾರೆ ನೋಡಿದ್ದಾರೆ.

ಅವರ ಭಯ ಗೊತ್ತಿದ್ದೂ ನಾನು ಹೇಳ್ತೀನಿ, ಹೇಳಿಬಿಡಿ. ನಿಮ್ಮ ಪಕ್ಕದಲ್ಲಿ ನಲವತ್ತು ವರ್ಷ ಇರೋ ವ್ಯಕ್ತಿ, ಆ ಜಾಗದ ಮೇಲೆ ಮತ್ತೆ ಭಾರ ಬಿದ್ದಾಗ ಹಿಡಿಯಬೇಕಾದ ಕೈ. ಹೆರಿಗೆಯಾದ ಮೇಲೆ ಮನಸ್ಸು ಮತ್ತೆ ಕತ್ತಲಾದರೆ ಆ ಗಂಡನಿಗೆ ಅದು ಏನು ಅಂತ ಗುರುತಿಸೋಕೆ ಆಗಬೇಕು. ಅವನಿಗೆ ಏನೂ ಗೊತ್ತಿಲ್ಲದಿದ್ದರೆ "ಸೋಮಾರಿತನ" ಅಂದುಕೊಳ್ತಾನೆ, "ಪ್ರಾರ್ಥನೆ ಮಾಡಲ್ಲ ಅದಕ್ಕೇ" ಅಂತಾನೆ. ಆಗ ತಪ್ಪು ಅಂಟು ಹಚ್ಚಿದ ಹಾಗೆ ಆಗುತ್ತೆ. ಮಾತ್ರೆ ತಗೊಂಡಿದ್ದು ಪಾಪ ಅಲ್ಲ ಅಂತ ಈ ವೇದಿಕೆಯಿಂದಲೇ ಮತ್ತೆ ಹೇಳ್ತೀನಿ, ಕೆಲವರಿಗೆ ಇನ್ನೂ ಅನುಮಾನ ಇದೆ.

ಯಾರಿಗೆ ಅನ್ನೋದು ಹೇಗೆ ಮುಖ್ಯವೋ, ಯಾವಾಗ ಅನ್ನೋದೂ ಅಷ್ಟೇ. ಮೊದಲ ಭೇಟಿಯಲ್ಲಿ, ಕಾಫಿ ಟೇಬಲ್ ಮುಂದೆ, ಹುಡುಗನ ಚಿಕ್ಕಪ್ಪ ಚಿಕ್ಕಮ್ಮಂದಿರೆಲ್ಲ ಕೂತಿರುವಾಗ ಹೇಳಬೇಕಿಲ್ಲ. ಅವರ ಕೈ ಯಾವತ್ತೂ ಇದನ್ನ ಹೊರಲ್ಲ. ಆದರೆ ನಿಶ್ಚಿತಾರ್ಥಕ್ಕೆ ಮೊದಲು, ಆ ಒಬ್ಬರಿಗೆ, ನೇರವಾಗಿ ಹೇಳಿ.

ಇದಕ್ಕೆ ವಿರುದ್ಧವಾದ ರೋಗವೂ ಒಂದಿದೆ. ಅದು ನಮ್ಮ ಸಭೆಗಳಲ್ಲೇ ಜಾಸ್ತಿ, ಅದಕ್ಕೇ ಹೇಳ್ತೀನಿ. 1995ರಲ್ಲಿ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ "ರೆಲಿಕ್" ಅಂತ ಗಿಟಾರ್ ತಂದಿತು. ಹೊಸ ಗಿಟಾರ್, ಆದರೆ ಹಳೆಯದರ ಹಾಗೆ ಕಾಣಬೇಕು. ಬಣ್ಣ ಕೆರೆದು, ಅಂಚು ಸವೆಸಿ, ಲೋಹಕ್ಕೆ ತುಕ್ಕಿನ ಛಾಯೆ ಬರಿಸಿ ಮಾರ್ತಾರೆ. ಮಾಮೂಲಿ ಹೊಸ ಗಿಟಾರ್‌ಗಿಂತ ಅದಕ್ಕೇ ಬೆಲೆ ಹೆಚ್ಚು. ಇದರಲ್ಲಿ ಮೋಸ ಇಲ್ಲ, ರೆಲಿಕ್ ಅಂತ ಹೇಳಿಯೇ ಮಾರ್ತಾರೆ, ಕೊಳ್ಳೋನಿಗೂ ಗೊತ್ತು. ಆದರೆ ಸಾಕ್ಷಿ ಹೇಳೋಕೆ ಮೈಕ್ ಹಿಡಿದು ನಾವು ರೆಲಿಕ್ ಕೆಲಸ ಮಾಡಿದರೆ, ಅದನ್ನ ಯಾರೂ ಹೇಳಿ ಮಾಡಲ್ಲ. ಎರಡು ಸಲ ಸಿಗರೇಟ್ ಸೇದಿದ್ದು "ನಾನು ವ್ಯಸನದಲ್ಲಿ ಮುಳುಗಿದ್ದೆ" ಅಂತ ಆಗುತ್ತೆ. ಕಾಲೇಜ್ ಜಗಳ "ನಾನು ರೌಡಿಯಾಗಿದ್ದೆ" ಅಂತ ಆಗುತ್ತೆ. ಗಾಯ ದೊಡ್ಡದಾದಷ್ಟೂ ಚಪ್ಪಾಳೆ ದೊಡ್ಡದು. ತಮ್ಮಂದಿರೇ, ತಂಗಿಯರೇ, ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದಿದ್ದೀರಿ, ಹೇಳಿಕೊಳ್ಳೋ ಅಂಥದ್ದು ಏನೂ ಆಗಿಲ್ಲ ಅಂದರೆ ಅದೂ ಕೃಪೆಯೇ. ನಿಮ್ಮ ಬಣ್ಣ ನೀವೇ ಕೆರೆದುಕೊಳ್ಳಬೇಡಿ.

ನಿಜವಾದ ಸವೆತ ಹೇಗಿರುತ್ತೆ ಅಂತ ನೋಡಬೇಕಾದ್ರೆ ವಿಲ್ಲಿ ನೆಲ್ಸನ್ ಅನ್ನೋ ಅಮೆರಿಕದ ಗಾಯಕನ ಗಿಟಾರ್ ಫೋಟೋ ಹುಡುಕಿ. ಅದಕ್ಕೆ "ಟ್ರಿಗ್ಗರ್" ಅಂತ ಹೆಸರಿಟ್ಟಿದ್ದಾರೆ. ಮಾರ್ಟಿನ್ ಎನ್-20 ಅನ್ನೋ ನೈಲಾನ್ ತಂತಿಯ ಗಿಟಾರ್, 1969ರಲ್ಲಿ ಅವರ ಕೈಗೆ ಬಂತು. ಅದು ಬೆರಳಲ್ಲಿ ನುಡಿಸೋಕೆ ಮಾಡಿದ್ದು, ಮೇಲ್ಪದರಕ್ಕೆ ರಕ್ಷಣೆಯ ಪ್ಲೇಟ್ ಇಲ್ಲ. ಅವರು ಪಿಕ್ ಹಿಡಿದು ನುಡಿಸಿ ನುಡಿಸಿ, ಶಬ್ದದ ರಂಧ್ರದ ಕೆಳಗೆ ಇನ್ನೊಂದು ದೊಡ್ಡ ರಂಧ್ರವೇ ಬಿದ್ದಿದೆ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮಾರ್ಕ್ ಅರ್ಲ್‌ವೈನ್ ಅನ್ನೋ ಗಿಟಾರ್ ತಯಾರಕರು ದಶಕಗಳಿಂದ ಅದನ್ನ ನೋಡಿಕೊಳ್ತಾ ಬಂದಿದ್ದಾರೆ. ಅವರು ಆ ರಂಧ್ರ ಮುಚ್ಚಿ ಹೊಸದರ ಹಾಗೆ ಮಾಡಲಿಲ್ಲ, ದೊಡ್ಡದೂ ಮಾಡಲಿಲ್ಲ. ಗಿಟಾರ್ ನುಡಿಯುತ್ತಾ ಇರೋಕೆ ಏನು ಬೇಕೋ ಅಷ್ಟು ಮಾಡ್ತಾರೆ. ನುಡಿಸೋನಿಗೂ ರಿಪೇರಿ ಮಾಡೋನಿಗೂ ಮಧ್ಯ ಮುಚ್ಚುಮರೆ ಇಲ್ಲದಿರೋದರಿಂದ ಆ ಗಿಟಾರ್ ಇಷ್ಟು ವರ್ಷ ಬಾಳಿದೆ ಅಂತ ನನ್ನ ಅನಿಸಿಕೆ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಇನ್ನೊಬ್ಬರ ಹತ್ತಿರ ನಾನು ಮಾತಾಡಿಲ್ಲ. ಕೇಳಿಸಿಕೊಳ್ಳೋರು. ಜ್ಞಾನೋಕ್ತಿ 20ರಲ್ಲಿ ಒಬ್ಬ ಗಿರಾಕಿ ಬರ್ತಾನೆ. ಅಂಗಡಿ ಮುಂದೆ ವಸ್ತುವನ್ನ ಹಳಿದು ಹಳಿದು ಬೆಲೆ ಇಳಿಸ್ತಾನೆ, ಆಮೇಲೆ ಆಚೆ ಹೋಗಿ ಎಂಥಾ ವ್ಯಾಪಾರ ಮಾಡಿದೆ ಅಂತ ಹೇಳಿಕೊಳ್ತಾನೆ. ನಮ್ಮ ತಮ್ಮ ಧೈರ್ಯ ಮಾಡಿ "ಬ್ರದರ್, ತಲೆ ಒಂದು ಸಲ ಮುರಿದಿತ್ತು, ಇಂಥ ಅಂಟು ಹಾಕಿದ್ದಾರೆ, ಎರಡು ವರ್ಷದಿಂದ ಏನೂ ಆಗಿಲ್ಲ" ಅಂತ ಹೇಳಿದಾಗ, ಎದುರಿಗಿರೋನು ಅದನ್ನೇ ಹಿಡಿದು ಹದಿನೆಂಟು ಸಾವಿರದ್ದನ್ನ ಆರು ಸಾವಿರಕ್ಕೆ ಕೇಳಿದರೆ, ಮುಂದಿನ ಸಲ ಅವನು ಯಾಕೆ ಹೇಳ್ತಾನೆ? ಮುಚ್ಚಿಡೋದನ್ನ ಕಲಿಸಿದ್ದು ಯಾರು? ಗೋಡೆಗೆ ನೇತುಹಾಕೋಕೆ ಕೊಳ್ಳೋನಿಗೆ ಆ ಗೆರೆಯಿಂದ ನಷ್ಟ ಇರಬಹುದು. ನುಡಿಸೋಕೆ ಕೊಳ್ಳೋನಿಗೆ ಸ್ವಲ್ಪ ಕಡಿಮೆ ಮಾಡು ಅಂತ ಕೇಳೋ ಹಕ್ಕಿದೆ, ಒಪ್ಪೋಣ. ಸತ್ಯ ಹೇಳಿದ ತಪ್ಪಿಗೆ ದಂಡ ಹಾಕೋ ಹಕ್ಕು ಅವನಿಗಿಲ್ಲ. ನಮ್ಮ ತಮ್ಮನೂ ಹೇಳಿದ್ದಾಯ್ತು ಅಂತ ಕೊಟ್ಟಷ್ಟಕ್ಕೆ ಕೊಡಬೇಕಾಗಿಲ್ಲ. ಹೇಳು, ಹೇಳಿಯೂ ನ್ಯಾಯವಾದ ಬೆಲೆ ಕೇಳು. ಅದು ಸಿಗದಿದ್ದರೆ ಇನ್ನೊಬ್ಬನಿಗೆ ತೋರಿಸು.

ಮದುವೆ ವಿಷಯದಲ್ಲಿ ಇದು ಇನ್ನೂ ಗಂಭೀರ. ಒಬ್ಬ ಹುಡುಗಿ ನಂಬಿ ನಿಮಗೊಬ್ಬರಿಗೇ ಹೇಳಿದಳು. ನಿಮಗೆ ಸಂಬಂಧ ಬೇಡ ಅನ್ನಿಸಿತು. ಸರಿ, ಬೇಡ ಅನ್ನಿ, ಅದು ನಿಮ್ಮ ಹಕ್ಕು. ಆದರೆ ಆ ಮಾತು ಮುಂದಿನ ಭಾನುವಾರ ಇನ್ನೊಂದು ಸಭೆಯ ಸಿಸ್ಟರ್ ಕಿವಿಗೆ "ಪ್ರೇಯರ್ ಪಾಯಿಂಟ್" ಅಂತ ಹೇಗೆ ಹೋಯ್ತು? ಬೀಗ ಹಾಕಿದ ಕೋಣೆಯಲ್ಲಿ ತೋರಿಸಿದ್ದನ್ನ ಅಂಗಳಕ್ಕೆ ತಂದವರು ಯಾರು? ಇಂಥ ಮಾತು ಈ ಊರಲ್ಲಿ ಹೇಗೆ ಓಡಾಡುತ್ತೆ ಅಂತ ನೋಡಿಯೇ ಆ ತಾಯಿ ಮಗಳಿಗೆ "ಬಾಯಿ ಮುಚ್ಕೊಂಡಿರು" ಅಂತ ಹೇಳಿದ್ದು. ಅವಳ ಸುಳ್ಳಿಗೆ ನಾವು ಪಾಲುದಾರರು.

ಈಗ ಎಡಗಡೆ ನೋಡಿ. ಕೀಬೋರ್ಡ್ ಪಕ್ಕ ಸ್ಟ್ಯಾಂಡ್‌ನಲ್ಲಿರೋ ಆ ಅಕೌಸ್ಟಿಕ್ ಗಿಟಾರ್ ಸಭೆಯದ್ದು. ಅದರ ಕುತ್ತಿಗೆ ಹಿಂದೆ ಎರಡು ತಿಳಿ ಬಣ್ಣದ ಮರದ ಪಟ್ಟಿಗಳಿವೆ, ಬಣ್ಣ ಹಚ್ಚಿ ಮುಚ್ಚಿಲ್ಲ. ಮಳೆಗಾಲದಲ್ಲಿ ತೇವ ಹೀರಿ ಅದರ ಮೇಲ್ಪದರ ಸ್ವಲ್ಪ ಉಬ್ಬುತ್ತೆ, ತಂತಿ ಎತ್ತರ ಆಗುತ್ತೆ, ಆಗ ಟ್ರಸ್ ರಾಡ್ ಜೋರಾಗಿ ತಿರುಗಿಸಬೇಡಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಆಮೇಲೆ ಒಂದು ದಿನ ಬಿಟ್ಟು ನೋಡಿ. ಯಾವ ಅಂಟು, ಯಾವ ತಿಂಗಳು ಅನ್ನೋ ಚೀಟಿ ಕೇಸ್ ಒಳಗೆ ಅಂಟಿಸಿದೆ. ಹೊಸದಾಗಿ ಟೀಮ್ ಸೇರೋರು ಮುಟ್ಟೋ ಮೊದಲು ಓದಿ. ವರ್ಷಿಪ್ ಟೀಮ್ ಮುಂದೆ ಬನ್ನಿ. ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.